ಕಡಲಾಳದ ಜ್ವಾಲಾಮುಖಿಯ ಚಟುವಟಿಕೆ ಗಮನಿಸುವುದು ಹೇಗೆ: ಮುಕ್ತ ದತ್ತಾಂಶ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಉಪಗ್ರಹ ಚಿತ್ರದಲ್ಲಿ ಒಂದು ತಿಳಿಹಸಿರು ಕಲೆ ಕಂಡ ಕೂಡಲೇ ಸ್ಫೋಟ ಶುರುವಾಯಿತು ಎಂದು ತೀರ್ಮಾನಿಸುವವರು ಬಹಳ. ತಿಂಗಳುಗಟ್ಟಲೆ ಚಿತ್ರ ನೋಡಿ, ಏನೂ ಕಾಣದೆ, ಜ್ವಾಲಾಮುಖಿ ಮಲಗಿದೆ ಎಂದುಕೊಳ್ಳುವವರೂ ಅಷ್ಟೇ ಇದ್ದಾರೆ. ಇಬ್ಬರೂ ಎಡವುವುದು ಒಂದೇ ಕಡೆ. ಜ್ವಾಲಾಮುಖಿ ಎಷ್ಟು ಆಳದಲ್ಲಿದೆ ಎಂದು ನೋಡದೆ ಉಪಕರಣ ಆರಿಸಿಕೊಂಡಿರುತ್ತಾರೆ, ಶಾಂತ ದಿನಗಳಲ್ಲಿ ಆ ಜಾಗ ಹೇಗಿರುತ್ತದೆ ಎಂಬ ದಾಖಲೆಯೂ ಅವರ ಬಳಿ ಇರುವುದಿಲ್ಲ. ಕೆಳಗಿನ ಹಂತಗಳ ಕ್ರಮ ಇದಕ್ಕಾಗಿಯೇ ಹೀಗಿದೆ. ಮೊದಲ ಮೂರನ್ನು ಹಾರಿಸಿ ನಾಲ್ಕಕ್ಕೆ ಹೋದರೆ ಕೆಲಸ ಕೆಡುತ್ತದೆ.

## ಬೇಕಾಗುವ ಸಲಕರಣೆ

ಸಾಮಾನ್ಯ ಕಂಪ್ಯೂಟರ್ ಸಾಕು, 8 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು. ಪೈಥಾನ್, ಅದರ ಜೊತೆಗೆ ಕಂಪನ ದತ್ತಾಂಶ ಓದುವ ಆಬ್ಸ್‌ಪೈ ಗ್ರಂಥಾಲಯ, ನಕ್ಷೆಗೆ ಕ್ಯೂಜಿಐಎಸ್ ಹಾಕಿಕೊಳ್ಳಿ. ಯುರೋಪಿನ ಉಪಗ್ರಹ ಚಿತ್ರಗಳ ತಾಣವಾದ ಕೋಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತ ಖಾತೆ ತೆರೆಯಿರಿ. ನಾಸಾದ ಚಿತ್ರತಾಣ ವರ್ಲ್ಡ್‌ವ್ಯೂಗೆ ಖಾತೆ ಬೇಕಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕವಾರು ದಾಖಲೆ ಬರೆಯಲು ಒಂದು ಸ್ಪ್ರೆಡ್‌ಶೀಟ್.

ಎಲ್ಲ ಸಮಯವನ್ನೂ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಬರೆಯಿರಿ. ಭೂಕಂಪ ಪಟ್ಟಿ, ನೀರಿನೊಳಗಿನ ಶಬ್ದ ಹಿಡಿಯುವ ಹೈಡ್ರೋಫೋನ್, ಉಪಗ್ರಹ ಎಲ್ಲವೂ ಯುಟಿಸಿ ಬಳಸುತ್ತವೆ. ಒಂದು ಕಾಲಂ ಮಾತ್ರ ಸ್ಥಳೀಯ ಸಮಯದಲ್ಲಿದ್ದರೆ ಒಂದೇ ಘಟನೆ ಎರಡಾಗಿ ಕಾಣುತ್ತದೆ.

## ಹಂತ 1: ಶಿಖರದ ಆಳ ತಿಳಿದುಕೊಳ್ಳಿ

ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 1,400 ಮೀಟರ್ ಆಳದಲ್ಲಿ ಅದು 140 ಪಟ್ಟು. ಅಷ್ಟು ಒತ್ತಡದಲ್ಲಿ ಉಗಿ ಹಿಗ್ಗಲಾರದು, ಅನಿಲಗಳು ಬಹುಮಟ್ಟಿಗೆ ನೀರಲ್ಲೇ ಕರಗುತ್ತವೆ, ಬಿಸಿನೀರಿನ ಹೊಗೆಗಂಬ ಮೇಲೆ ತಲುಪುವ ಮೊದಲೇ ತಣ್ಣಗಾಗಿ ಅಡ್ಡ ಹರಡುತ್ತದೆ. ನೀವು ನೋಡುವ ಉಪಕರಣವನ್ನು ಆಳವೇ ಗೊತ್ತುಮಾಡುತ್ತದೆ.

100 ಮೀಟರ್‌ಗಿಂತ ಕಡಿಮೆ ಆಳವಿದ್ದರೆ ಉಪಗ್ರಹ ಚಿತ್ರವೇ ಮೊದಲ ಸಾಧನ. ಸಾಲೊಮನ್ ದ್ವೀಪಗಳ ಕವಾಚಿ ಈ ಗುಂಪಿನದು, ಅದರ ಶಿಖರ ಸುಮಾರು 20 ಮೀಟರ್ ಕೆಳಗಿದೆ. ಗ್ರೆನಡಾದ ಉತ್ತರಕ್ಕಿರುವ ಕಿಕ್ ಎಮ್ ಜೆನ್ನಿಯ ಶಿಖರ 200 ಮೀಟರ್‌ಗೆ ಸ್ವಲ್ಪ ಕಡಿಮೆ ಆಳದಲ್ಲಿದೆ. ಇಂಥ ಕಡೆ ಭೂಕಂಪ ದಾಖಲೆಯೇ ಮುಂದು, ಚಿತ್ರ ಹಿಂದು. ಅಮೆರಿಕದ ಆರೆಗಾನ್ ಕರಾವಳಿಯಿಂದ ಸುಮಾರು 480 ಕಿ.ಮೀ. ದೂರದ ಆಕ್ಸಿಯಲ್ ಸೀಮೌಂಟ್‌ನ ಶಿಖರ 1,400 ಮೀಟರ್‌ಗೂ ಹೆಚ್ಚು ಆಳದಲ್ಲಿದೆ. ಅಲ್ಲಿ ಉಪಗ್ರಹ ಚಿತ್ರ ನೋಡುವುದು ವ್ಯರ್ಥ. ಕಂಪನ, ಶಬ್ದ, ಸಮುದ್ರತಳದ ಒತ್ತಡ ಇವಷ್ಟೇ ಮಾತಾಡುತ್ತವೆ.

ಈ ನಿಯಮಕ್ಕೆ ಒಂದು ಅಪವಾದ ಉಂಟು. ನ್ಯೂಜಿಲೆಂಡ್‌ನ ಈಶಾನ್ಯಕ್ಕಿರುವ ಹಾವ್ರೆ 2012ರ ಜುಲೈಯಲ್ಲಿ ಸುಮಾರು 900 ಮೀಟರ್ ಆಳದಲ್ಲಿ ಸ್ಫೋಟಿಸಿತು. ಮೇಲ್ಮೈಯಲ್ಲಿ ಸುಮಾರು 400 ಚದರ ಕಿ.ಮೀ. ವಿಸ್ತಾರದ ತೇಲುಗಲ್ಲಿನ (ನೀರಲ್ಲಿ ತೇಲುವ ಹಗುರ ಜ್ವಾಲಾಮುಖಿ ಕಲ್ಲು, ಪ್ಯೂಮಿಸ್) ಹಾಸು ಹರಡಿತು. ಸಿಲಿಕಾ ಹೆಚ್ಚಿರುವ ಶಿಲಾಪಾಕದ (ಮ್ಯಾಗ್ಮಾ) ಜ್ವಾಲಾಮುಖಿಯಾದರೆ ಆಳವಿದ್ದರೂ ಮೇಲ್ಮೈಯ ಮೇಲೆ ಒಂದು ಕಣ್ಣಿಡಿ. ಸಿಲಿಕಾ ಕಡಿಮೆಯಿರುವ ಬಸಾಲ್ಟ್ ಮಾದರಿಯದಾದರೆ ಬೇಕಿಲ್ಲ.

## ಹಂತ 2: ನಿರ್ದೇಶಾಂಕ ಮತ್ತು ಚೌಕಟ್ಟು

ಸ್ಮಿತ್ಸೋನಿಯನ್ ಸಂಸ್ಥೆಯ ಜಾಗತಿಕ ಜ್ವಾಲಾಮುಖಿ ಪಟ್ಟಿಯಿಂದ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ. ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ ಹಾಕಬೇಕು. ಆಕ್ಸಿಯಲ್ ಎಂದರೆ 45.95, -130.00. ಚಿಹ್ನೆ ಮರೆತರೆ ಭೂಗೋಳದ ಇನ್ನೊಂದು ಬದಿಯ ದತ್ತಾಂಶ ಬರುತ್ತದೆ, ಅದು ತಪ್ಪೆಂದು ತಂತ್ರಾಂಶ ಹೇಳುವುದಿಲ್ಲ.

ಭೂಕಂಪಕ್ಕೆ 100 ಕಿ.ಮೀ. ತ್ರಿಜ್ಯದ ವೃತ್ತ, ಚಿತ್ರಕ್ಕೆ 30 ಕಿ.ಮೀ. ಬದಿಯ ಚೌಕ ಸಾಕು. ಟೋಂಗಾ, ಕರ್ಮಾಡೆಕ್ ಸಾಲಿನವು 180 ಡಿಗ್ರಿ ರೇಖೆಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಚೌಕದ ಬದಲು ವೃತ್ತದ ಹುಡುಕಾಟ ಬಳಸಿ. ಚೌಕ ಆ ರೇಖೆಯನ್ನು ದಾಟಿದರೆ ಕೆಲವು ಸೇವೆಗಳು ಖಾಲಿ ಫಲಿತಾಂಶ ಕೊಡುತ್ತವೆ. ಅದನ್ನು ಭೂಕಂಪವೇ ಇಲ್ಲ ಎಂದು ಓದಿಕೊಳ್ಳುವ ಅಪಾಯವಿದೆ.

## ಹಂತ 3: ಶಾಂತ ದಿನಗಳ ದಾಖಲೆ ಕಟ್ಟಿ

ಯಾರೂ ಮಾಡಲು ಬಯಸದ ಹಂತ ಇದು. ಆದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಹಿಂದಿನ 10 ವರ್ಷಗಳ ಭೂಕಂಪ ಪಟ್ಟಿ ಇಳಿಸಿ, ವಾರವಾರದ ಎಣಿಕೆ ಮಾಡಿ, ಮಧ್ಯಕ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ತೆಗೆಯಿರಿ. ಸರಾಸರಿ ಬೇಡ, ಕಂಪನಗಳ ಒಂದು ದೊಡ್ಡ ಸಾಲು ಬಂದ ವಾರ ಸರಾಸರಿಯನ್ನೇ ಎಳೆದುಬಿಡುತ್ತದೆ. ಚಿತ್ರಗಳಲ್ಲಿ ಕಳೆದ ಒಂದು ವರ್ಷದ ಮೋಡವಿಲ್ಲದ ದಿನಗಳನ್ನೆಲ್ಲ ನೋಡಿ. ಯಾವ ಕಲೆ ಯಾವಾಗಲೂ ಇರುತ್ತದೆ (ಹವಳದ ದಿಬ್ಬ, ಮರಳು), ಯಾವುದು ಮಳೆಗಾಲದಲ್ಲಿ ಬರುತ್ತದೆ (ನದಿಯ ಕೆಸರು), ಯಾವುದು ವರ್ಷಕ್ಕೊಮ್ಮೆ ಮೂಡುತ್ತದೆ (ಪಾಚಿ) ಎಂದು ಗುರುತು ಹಾಕಿ. ಕವಾಚಿಯಂಥ ಕಡೆ ನೀರು ಬಣ್ಣಗೆಡುವುದೇ ಮಾಮೂಲು ಸ್ಥಿತಿ. ಅಲ್ಲಿ ಬಣ್ಣ ಕಂಡಿತು ಎಂಬುದು ಸುದ್ದಿಯಲ್ಲ, ಎಂದಿಗಿಂತ ಎಷ್ಟು ಉದ್ದ ಮತ್ತು ಎಷ್ಟು ದಟ್ಟ ಎಂಬುದೇ ಸುದ್ದಿ.

## ಹಂತ 4: ಉಪಗ್ರಹ ಚಿತ್ರ ಓದುವುದು

ಮೊದಲು ಆ ಜಾಗದ ಚಿತ್ರ ತೆಗೆಯಲಾಗುತ್ತದೆಯೇ ಎಂದು ಪರೀಕ್ಷಿಸಿ. ಯುರೋಪಿನ ಸೆಂಟಿನೆಲ್-2 ಉಪಗ್ರಹ ನಡುಗಡಲಿನ ಚಿತ್ರ ತೆಗೆಯುವುದಿಲ್ಲ. ಅದು ತೆಗೆಯುವುದು ನೆಲ ಮತ್ತು ತೀರದಿಂದ ಸುಮಾರು 20 ಕಿ.ಮೀ. ವರೆಗಿನ ನೀರು, ಅದರಾಚೆಗೆ ವಿಶೇಷವಾಗಿ ಸೇರಿಸಿದ ಜಾಗಗಳು. ಹುಡುಕಿದಾಗ ಚಿತ್ರ ಸಿಗದಿದ್ದರೆ ಇದೇ ಕಾರಣ ಇರಬಹುದು. ಆಗ ದಿನವೂ ಇಡೀ ಭೂಮಿಯನ್ನು ನೋಡುವ ಉಪಗ್ರಹ ಸಂವೇದಕಗಳಾದ ಮೋಡಿಸ್ ಮತ್ತು ವಿಐಐಆರ್‌ಎಸ್ ಚಿತ್ರಗಳನ್ನು ವರ್ಲ್ಡ್‌ವ್ಯೂನಲ್ಲಿ ತೆರೆಯಿರಿ. ಅವುಗಳ ಸೂಕ್ಷ್ಮತೆ 250 ಮೀಟರ್‌ಗಿಂತ ಉತ್ತಮವಲ್ಲ, ಆದರೆ ತೇಲುಗಲ್ಲಿನ ಹಾಸು ಅಷ್ಟರಲ್ಲೇ ಕಾಣುತ್ತದೆ. ಹಾವ್ರೆಯ ಹಾಸಿನ ಮೂಲ ಪತ್ತೆಯಾದದ್ದೂ ಮೋಡಿಸ್ ಚಿತ್ರಗಳನ್ನು ಹಿಂದಕ್ಕೆ ತಿರುವಿ ನೋಡಿದಾಗ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ 30 ಮೀಟರ್ ಸೂಕ್ಷ್ಮತೆಯ ಚಿತ್ರ ಕೊಡುತ್ತವೆ.

ಚಿತ್ರ ಸಿಕ್ಕಿದ ಮೇಲೆ ಈ ಕ್ರಮ ಹಿಡಿಯಿರಿ.

1. ಸಹಜ ಬಣ್ಣದಲ್ಲಿ ತೆರೆಯಿರಿ. ಸೆಂಟಿನೆಲ್-2ರಲ್ಲಿ ಅಂದರೆ ಬಿ4, ಬಿ3, ಬಿ2 ಎಂಬ ಕೆಂಪು, ಹಸಿರು, ನೀಲಿ ಬೆಳಕಿನ ಪಟ್ಟಿಗಳು (ಬ್ಯಾಂಡ್). ನೀರು ಕಪ್ಪಾಗಿರುವುದರಿಂದ ಹೊಳಪು ಹೆಚ್ಚಿಸಿ, ಇಲ್ಲದಿದ್ದರೆ ತೆಳು ಕಲೆ ಕಾಣುವುದಿಲ್ಲ.

2. ಅದೇ ಜಾಗವನ್ನು ಸಮೀಪ ಅತಿಗೆಂಪು ಬಿ8 ಮತ್ತು ಕಿರುತರಂಗ ಅತಿಗೆಂಪು ಬಿ11ರಲ್ಲಿ ನೋಡಿ. ನೀರು ಈ ಎರಡನ್ನೂ ಹೀರಿಕೊಳ್ಳುತ್ತದೆ. ಸಹಜ ಬಣ್ಣದಲ್ಲಿ ಹಾಲಿನಂತೆ ಕಂಡ ಕಲೆ ಇಲ್ಲಿ ಕಪ್ಪಾಗಿದ್ದರೆ ಅದು ನೀರಿನೊಳಗಿದೆ. ಇಲ್ಲೂ ಹೊಳೆದರೆ ಅದು ಮೇಲ್ಮೈಯಲ್ಲಿದೆ ಅಥವಾ ಗಾಳಿಯಲ್ಲಿದೆ: ಮೋಡ, ಉಗಿ, ನೊರೆ, ತೇಲುಗಲ್ಲು, ಪಾಚಿ. ತಪ್ಪು ವರದಿಗಳಲ್ಲಿ ಬಹುಪಾಲು ಈ ಒಂದು ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

3. ತೇಲುಗಲ್ಲೋ ಪಾಚಿಯೋ ಎಂಬ ಗೊಂದಲವಿದ್ದರೆ ಬಿ4 ಮತ್ತು ಬಿ8 ಹೋಲಿಸಿ. ಪಾಚಿ ಕೆಂಪು ಬೆಳಕನ್ನು ಹೀರಿ ಅತಿಗೆಂಪನ್ನು ಜೋರಾಗಿ ಪ್ರತಿಫಲಿಸುತ್ತದೆ, ಎರಡರ ನಡುವೆ ದೊಡ್ಡ ಜಿಗಿತ ಇರುತ್ತದೆ. ತೇಲುಗಲ್ಲು ಎರಡರಲ್ಲೂ ಬೆಳ್ಳಗಿರುತ್ತದೆ. ಟ್ರೈಕೋಡೆಸ್ಮಿಯಂ ಎಂಬ ತೇಲುಜೀವಿಯ ಕಂದು ಪಟ್ಟಿಗಳು ಬರಿಗಣ್ಣಿಗೆ ತೇಲುಗಲ್ಲಿನ ಹಾಸಿನಂತೆಯೇ ಕಾಣುತ್ತವೆ.

4. ಕಲೆಯ ಅಂಚು ನೋಡಿ. ಸೆಂಟಿನೆಲ್-2ರ ಪಟ್ಟಿಗಳು ಒಂದೇ ಕ್ಷಣದಲ್ಲಿ ಸೆರೆಯಾಗುವುದಿಲ್ಲ, ಅಲ್ಪ ಅಂತರ ಇರುತ್ತದೆ. ಆದ್ದರಿಂದ ಎತ್ತರದಲ್ಲಿರುವ ಅಥವಾ ವೇಗವಾಗಿ ಚಲಿಸುವ ವಸ್ತುವಿನ ಅಂಚಿನಲ್ಲಿ ಕಾಮನಬಿಲ್ಲಿನ ಗೆರೆ ಮೂಡುತ್ತದೆ. ಮೋಡಕ್ಕೂ ಉಗಿಗಂಬಕ್ಕೂ ಈ ಗೆರೆ ಇರುತ್ತದೆ, ನೀರಿನೊಳಗಿನ ಕಲೆಗೆ ಇರುವುದಿಲ್ಲ.

5. ಮೂಲಬಿಂದು ಹುಡುಕಿ. ಒಂದೇ ಜಾಗದಿಂದ ಹೊರಟು ಪ್ರವಾಹದ ದಿಕ್ಕಿಗೆ ಬಾಲ ಬಿಟ್ಟಿರಬೇಕು. ಮೂರು ಬೇರೆ ದಿನಗಳ ಚಿತ್ರದಲ್ಲಿ ಬಾಲ ದಿಕ್ಕು ಬದಲಿಸಿದರೂ ತಲೆ ಅಲ್ಲೇ ಇದ್ದರೆ ನಂಬಬಹುದು. ತಲೆಯೂ ಸರಿದರೆ ಅದು ತೇಲುವ ವಸ್ತು.

ಬಣ್ಣಕ್ಕೂ ಅರ್ಥವಿದೆ. ಕಬ್ಬಿಣ ಹೆಚ್ಚಿದ್ದರೆ ಹಳದಿ ಇಲ್ಲವೇ ಕಂದು, ಸಿಲಿಕಾ ಮತ್ತು ಅಲ್ಯೂಮಿನಿಯಂ ಹೆಚ್ಚಿದ್ದರೆ ಬಿಳಿ, ತಿಳಿನೀಲಿ ಛಾಯೆ. ಬಿಳಿಯಿಂದ ಕಂದಿಗೆ ತಿರುಗುವುದು ಗಮನಿಸಬೇಕಾದ ಬದಲಾವಣೆ. ಆದರೆ ಬಣ್ಣ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಸೂರ್ಯನ ಕೋನ ಬದಲಾದರೂ ಛಾಯೆ ಬದಲಾಗುತ್ತದೆ. ಬಿಸಿಲು ನೀರಿಗೆ ಬಡಿದು ಹಿಂತಿರುಗಿದಾಗ ಚಿತ್ರದಲ್ಲಿ ಸಮಾನಾಂತರ ಪಟ್ಟೆಗಳು ಮೂಡುತ್ತವೆ. ಅಂಥ ದಿನದ ಚಿತ್ರವನ್ನು ಬಿಟ್ಟುಬಿಡುವುದೇ ಸರಿ.

ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಎಂಬ ಮಾಪಕ ದಿನವೂ ಗಂಧಕದ ಡೈಆಕ್ಸೈಡ್ ಅಳೆಯುತ್ತದೆ. ಅನಿಲ ನೀರು ದಾಟಿ ಗಾಳಿಗೆ ಬಂದರೆ ಮಾತ್ರ ಅದಕ್ಕೆ ಸಿಗುತ್ತದೆ. ಕಂಡರೆ ಬಲವಾದ ಸುಳಿವು, ಕಾಣದಿದ್ದರೆ ಯಾವ ಅರ್ಥವೂ ಇಲ್ಲ.

## ಹಂತ 5: ಭೂಕಂಪ ಪಟ್ಟಿ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಕ್ತ ಪಟ್ಟಿಯಲ್ಲಿ ನಿಮ್ಮ ವೃತ್ತ ಹಾಕಿ, ಕನಿಷ್ಠ ತೀವ್ರತೆಯ ಜಾಗ ಖಾಲಿ ಬಿಡಿ. ಫಲಿತಾಂಶ ಓದುವಾಗ ಮೂರು ಎಚ್ಚರ ಬೇಕು.

ಒಂದು, ದ್ವೀಪಗಳಿಂದ ದೂರದ ಕಡಲಿನಲ್ಲಿ ತೀವ್ರತೆ 4ಕ್ಕಿಂತ ಕಡಿಮೆಯವು ಜಾಗತಿಕ ಜಾಲಕ್ಕೆ ಬಹುತೇಕ ಸಿಗುವುದಿಲ್ಲ. ಶಿಲಾಪಾಕ ಮೇಲೇರುವಾಗಿನ ಕಂಪನಗಳಲ್ಲಿ ಹೆಚ್ಚಿನವು ಅದಕ್ಕಿಂತ ತೀರ ಚಿಕ್ಕವು. ಪಟ್ಟಿ ಖಾಲಿ ಎಂದರೆ ಕೆಳಗೆ ಶಾಂತಿ ಎಂದಲ್ಲ.

ಎರಡು, ಆಳದ ಕಾಲಂನಲ್ಲಿ ಸಾಲಾಗಿ 10 ಕಿ.ಮೀ. ಎಂದು ಬಂದರೆ ಅದು ಅಳತೆಯಲ್ಲ. ಆಳ ಲೆಕ್ಕಹಾಕಲು ಆಗದಿದ್ದಾಗ ತುಂಬುವ ಸ್ಥಿರ ಸಂಖ್ಯೆ ಅದು. ಶಿಲಾಪಾಕ 10 ಕಿ.ಮೀ. ಆಳದಲ್ಲಿದೆ ಎಂದು ಇದರ ಆಧಾರದಲ್ಲಿ ಬರೆದವರು ಅನೇಕರಿದ್ದಾರೆ.

ಮೂರು, ಸ್ಥಾನದ ದೋಷ 10–20 ಕಿ.ಮೀ. ಇರಬಹುದು. ಜ್ವಾಲಾಮುಖಿಯಿಂದ 15 ಕಿ.ಮೀ. ದೂರ ಬಿದ್ದ ಚುಕ್ಕೆಯನ್ನು ಸಂಬಂಧವಿಲ್ಲ ಎಂದು ತಳ್ಳಿಹಾಕಬೇಡಿ.

ಇನ್ನು ಆಕಾರ ನೋಡಿ. ಒಂದು ದೊಡ್ಡ ಕಂಪನ ಮೊದಲು ಬಂದು, ಆಮೇಲೆ ದಿನದಿಂದ ದಿನಕ್ಕೆ ಎಣಿಕೆ ಇಳಿದರೆ ಅದು ಸಾಮಾನ್ಯ ಭೂಕಂಪದ ನಂತರದ ಕಂಪನ. ದೊಡ್ಡದೊಂದು ಇಲ್ಲದೆ, ಹೆಚ್ಚೂಕಡಿಮೆ ಒಂದೇ ಗಾತ್ರದವು ಗುಂಪಾಗಿ ಬಂದು, ಎಣಿಕೆ ಏರುತ್ತ ಇಳಿಯುತ್ತ ಹೋದರೆ ಅದು ಕಂಪನ ಸಮೂಹ, ನಮಗೆ ಬೇಕಾದದ್ದು. ವಾರದ ಮಧ್ಯಕದ ಮೂರು ಪಟ್ಟು ದಾಟಿದರೆ ಪ್ರತಿದಿನ ನೋಡಲು ಶುರುಮಾಡಿ.

ಹಿಂದೂ ಮಹಾಸಾಗರದ ಮಯೋಟ್ ದ್ವೀಪದ ಪ್ರಕರಣ ಇಲ್ಲಿ ಪಾಠ. 2018ರ ಮೇ ತಿಂಗಳಲ್ಲಿ ಕಂಪನ ಸಮೂಹ ಶುರುವಾಯಿತು. ದ್ವೀಪದ ಜಿಪಿಎಸ್ ತಾಣಗಳು ಪೂರ್ವಕ್ಕೆ ಸರಿಯುತ್ತ ಕುಸಿಯತೊಡಗಿದವು. ನವೆಂಬರ್ 11ರಂದು ಸುಮಾರು 17 ಸೆಕೆಂಡಿಗೊಮ್ಮೆ ಮಿಡಿಯುವ ಕಂಪನ ಭೂಮಿಯ ಬಹುಭಾಗದ ಮಾಪಕಗಳಲ್ಲಿ ದಾಖಲಾಯಿತು. ಹಡಗು ಹೋಗಿ ಸಮುದ್ರತಳ ಅಳೆದದ್ದು 2019ರ ಮೇಯಲ್ಲಿ. ಸುಮಾರು 3,500 ಮೀಟರ್ ಆಳದ ತಳದಲ್ಲಿ 820 ಮೀಟರ್ ಎತ್ತರದ ಹೊಸ ಬೆಟ್ಟ ನಿಂತಿತ್ತು. ಮೇಲ್ಮೈಯಲ್ಲಿ ಹಾಸು, ಉಗಿ ಏನೂ ಇರಲಿಲ್ಲ. ಹತ್ತಿರ ದ್ವೀಪವಿದ್ದರೆ ಅದರ ಜಿಪಿಎಸ್ ದತ್ತಾಂಶವನ್ನೂ ಇದಕ್ಕಾಗಿಯೇ ಪಟ್ಟಿಗೆ ಸೇರಿಸಿಕೊಳ್ಳಿ.

## ಹಂತ 6: ಶಬ್ದ ಮತ್ತು ಕಂಪನದ ಅಲೆ

ಕಡಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1.5 ಕಿ.ಮೀ. ಚಲಿಸುತ್ತದೆ, ಸಾವಿರಾರು ಕಿ.ಮೀ. ದೂರಕ್ಕೂ ಹೆಚ್ಚು ನಷ್ಟವಿಲ್ಲದೆ ಹೋಗುತ್ತದೆ. 1,500 ಕಿ.ಮೀ. ದೂರದ ಘಟನೆಯ ಶಬ್ದ ತಲುಪಲು 1,000 ಸೆಕೆಂಡು, ಅಂದರೆ 16 ನಿಮಿಷ 40 ಸೆಕೆಂಡು ಬೇಕು. ಘಟನೆಯ ಸಮಯವನ್ನು ಇಷ್ಟು ಹಿಂದಕ್ಕೆ ಸರಿಸದೆ ಬೇರೆ ಪಟ್ಟಿಯೊಂದಿಗೆ ಹೋಲಿಸಿದರೆ ಯಾವುದೂ ಹೊಂದುವುದಿಲ್ಲ.

ಸಮುದ್ರತಳದ ಮಾಪಕದ ದತ್ತಾಂಶ ಸಿಗುವ ಅತ್ಯುತ್ತಮ ಜಾಗ ಆಕ್ಸಿಯಲ್. 2014ರಿಂದ ಅಲ್ಲಿನ ಉಪಕರಣಗಳು ಕೇಬಲ್ ಮೂಲಕ ದಡಕ್ಕೆ ಜೋಡಣೆಯಾಗಿವೆ. ಆಬ್ಸ್‌ಪೈನಲ್ಲಿ ಜಾಲದ ಸಂಕೇತ ಓಓ, ತಾಣ ಎಎಕ್ಸ್‌ಸಿಸಿ1 ಕೊಟ್ಟು ಒಂದು ದಿನದ ಲಂಬ ಕಂಪನ ಇಳಿಸಿ.

5ರಿಂದ 15 ಹರ್ಟ್ಸ್ ಸೋಸುಕ (ಫಿಲ್ಟರ್) ಹಾಕಿ. 1 ಹರ್ಟ್ಸ್‌ಗಿಂತ ಕೆಳಗೆ ಅಲೆಗಳ ಗದ್ದಲ ತುಂಬಿರುತ್ತದೆ. ಮೇಲಿನ ಮಿತಿ 15 ಏಕೆಂದರೆ ಫಿನ್ ತಿಮಿಂಗಿಲ 20 ಹರ್ಟ್ಸ್ ಸುಮಾರಿನಲ್ಲಿ ಕೂಗುತ್ತದೆ. ಚಳಿಗಾಲದಲ್ಲಿ ಅದರ ಕೂಗು ಸ್ವಯಂಚಾಲಿತ ಎಣಿಕೆಯಲ್ಲಿ ಸಾವಿರಾರು ಭೂಕಂಪಗಳಾಗಿ ಸೇರಿಕೊಳ್ಳುತ್ತದೆ. ಸಮಯಕ್ಕೆ ತಕ್ಕಂತೆ ಆವರ್ತನ ತೋರಿಸುವ ಚಿತ್ರ, ಸ್ಪೆಕ್ಟ್ರೋಗ್ರಾಮ್ ತೆರೆದರೆ ವ್ಯತ್ಯಾಸ ಸ್ಪಷ್ಟ. ತಿಮಿಂಗಿಲದ ಕೂಗು ಒಂದು ಸೆಕೆಂಡಿನಷ್ಟು ಉದ್ದ, ಕಿರಿದಾದ ಪಟ್ಟಿಯಲ್ಲಿ, ಲಯಬದ್ಧವಾಗಿ ಮರುಕಳಿಸುತ್ತದೆ. ಭೂಕಂಪ ಅಗಲವಾದ ಪಟ್ಟಿಯಲ್ಲಿ ತಟ್ಟನೆ ಎದ್ದು ನಿಧಾನ ಕುಗ್ಗುತ್ತದೆ. ದೂರದಿಂದ ನೀರಿನ ಮೂಲಕ ಬಂದ ಟಿ-ಅಲೆ ನೂಲುವ ಕದಿರಿನ ಆಕಾರದಲ್ಲಿ ನಿಧಾನ ಏರಿ ನಿಧಾನ ಇಳಿಯುತ್ತದೆ. ತೈಲ ಶೋಧದ ವಾಯುಬಂದೂಕು ಗಡಿಯಾರದಷ್ಟು ಕರಾರುವಾಕ್ಕಾಗಿ ಹೊಡೆಯುತ್ತದೆ, ಜ್ವಾಲಾಮುಖಿ ಎಂದೂ ಹಾಗೆ ನಡೆದುಕೊಳ್ಳುವುದಿಲ್ಲ.

ಕಂಪನದಿಂದ ಮೊದಲು ಬರುವ ಪಿ ಮತ್ತು ನಂತರ ಬರುವ ಎಸ್ ಅಲೆಗಳ ನಡುವಿನ ಅಂತರ 2 ಸೆಕೆಂಡಿಗಿಂತ ಕಡಿಮೆ ಇದ್ದವನ್ನು ಮಾತ್ರ ಸ್ಥಳೀಯ ಎಂದು ಎಣಿಸಿ. ಗಂಟೆಗಂಟೆಯ ಎಣಿಕೆಗೆ ಮರುಳಾಗಬೇಡಿ. ಆಕ್ಸಿಯಲ್‌ನಲ್ಲಿ ಇಳಿತದ ಹೊತ್ತಿಗೆ ಕಂಪನ ಹೆಚ್ಚುತ್ತದೆ, ಮೇಲಿನ ನೀರಿನ ಭಾರ ಇಳಿದಾಗ ಬಿರುಕುಗಳ ಹಿಡಿತ ಸಡಿಲಾಗುವುದೇ ಕಾರಣ. ಇಡೀ ದಿನದ ಎಣಿಕೆಯನ್ನು ಇಡೀ ದಿನದೊಂದಿಗೇ ಹೋಲಿಸಿ.

2015ರ ಏಪ್ರಿಲ್ 24ರಂದು ಅಲ್ಲಿ ಒಂದೇ ದಿನ ಸುಮಾರು 8,000 ಕಂಪನ ದಾಖಲಾದವು. ನಂತರದ ವಾರಗಳಲ್ಲಿ ಲಾವಾ ನೀರಿಗೆ ತಾಗುವಾಗಿನ ಚಿಕ್ಕ ಸಿಡಿತಗಳು ಹತ್ತಾರು ಸಾವಿರ. ಆ ದಿನದ ದತ್ತಾಂಶ ಇಳಿಸಿ ಒಮ್ಮೆ ಕಣ್ಣಾರೆ ನೋಡಿ. ನಿಜವಾದ ಸ್ಫೋಟ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಲು ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲ.

## ಹಂತ 7: ಸಮುದ್ರತಳ ಉಬ್ಬುತ್ತಿದೆಯೇ

ತಳ ಮೇಲೇರಿದರೆ ಅದರ ಮೇಲಿನ ನೀರಿನ ಕಂಬ ಗಿಡ್ಡವಾಗುತ್ತದೆ, ಒತ್ತಡ ಇಳಿಯುತ್ತದೆ. ಈ ತಲೆಕೆಳಗಾದ ಸಂಬಂಧ ಮರೆತು ಉಬ್ಬುವಿಕೆಯನ್ನು ಕುಸಿತ ಎಂದು ಓದುವುದು ಅತಿ ಸಾಮಾನ್ಯ ತಪ್ಪು. ಗ್ರಾಫ್ ಬಿಡಿಸುವ ಮೊದಲು ಚಿಹ್ನೆ ತಿರುಗಿಸಿ.

1. ಆಕ್ಸಿಯಲ್‌ನ ಮಧ್ಯ ಕ್ಯಾಲ್ಡೆರಾ (ಜ್ವಾಲಾಮುಖಿಯ ನೆತ್ತಿ ಕುಸಿದು ಆದ ದೊಡ್ಡ ಕುಳಿ) ತಾಣ ಎಂಜೆ03ಎಫ್ ಮತ್ತು ಪೂರ್ವ ಕ್ಯಾಲ್ಡೆರಾ ತಾಣ ಎಂಜೆ03ಇ, ಎರಡರ ತಳಒತ್ತಡ ದತ್ತಾಂಶ ತೆಗೆದುಕೊಳ್ಳಿ. ಒಂದು ನಿಮಿಷದ ಸರಾಸರಿ ಸಾಕು.

2. ಮೀಟರ್‌ಗೆ ಪರಿವರ್ತಿಸಿ. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) ಎಂದರೆ ಸುಮಾರು 0.67–0.68 ಮೀಟರ್ ಸಮುದ್ರದ ನೀರು.

3. ಉಬ್ಬರವಿಳಿತ ತೆಗೆಯಿರಿ. ಉಬ್ಬರವಿಳಿತದ ಏರಿಳಿತ ಮೀಟರ್‌ಗಳಲ್ಲಿರುತ್ತದೆ, ನಾವು ಹುಡುಕುವುದು ತಿಂಗಳಿಗೆ ಕೆಲವು ಸೆಂಟಿಮೀಟರ್. 24, 24, 25 ಗಂಟೆಗಳ ಸರಾಸರಿಯನ್ನು ಒಂದರ ಮೇಲೊಂದು ಹಾಕಿದರೆ ಅದು ಅಳಿಯುತ್ತದೆ.

4. ಮಧ್ಯ ತಾಣದಿಂದ ಪೂರ್ವ ತಾಣವನ್ನು ಕಳೆಯಿರಿ. ಕಡಲಿನ ಪ್ರವಾಹ, ಹವಾಮಾನ ಎರಡಕ್ಕೂ ಸಮಾನವಾದ್ದರಿಂದ ಹೊರಟುಹೋಗುತ್ತವೆ. ಪೂರ್ವ ತಾಣವೂ ಸ್ವಲ್ಪ ಏರುತ್ತಿರುವುದರಿಂದ ಉಳಿದ ಸಂಖ್ಯೆ ಒಟ್ಟು ಉಬ್ಬುವಿಕೆಗಿಂತ ಚಿಕ್ಕದಾಗಿರುತ್ತದೆ, ಅದನ್ನು ಒಟ್ಟು ಎಂದು ಬರೆಯಬೇಡಿ.

5. 12 ವಾರಗಳ ಕಿಟಕಿಯಲ್ಲಿ ವೇಗ ಲೆಕ್ಕಹಾಕಿ. ಮಾಪಕಗಳೇ ಕಾಲಕ್ರಮದಲ್ಲಿ ಸರಿಯುತ್ತವೆ, ಆದ್ದರಿಂದ ಒಂದು ತಾಣದ ನಿಧಾನ ಬದಲಾವಣೆಯನ್ನು ಒಂಟಿಯಾಗಿ ನಂಬುವಂತಿಲ್ಲ. ಸಂಶೋಧಕರು ದೂರನಿಯಂತ್ರಿತ ಯಂತ್ರದಿಂದ ಚಲ ಮಾಪಕ ಇಳಿಸಿ ಇದನ್ನು ಸರಿಪಡಿಸುತ್ತಾರೆ.

ಮೂರನೆಯ ಕ್ರಮದಲ್ಲಿ ಒಂದು ಬಲೆ ಇದೆ. ಮೂರು ಸರಾಸರಿ ಸೇರಿ 71 ಗಂಟೆಗಳ ದತ್ತಾಂಶವನ್ನು ಕಲಸುತ್ತವೆ. ಸ್ಫೋಟ ಶುರುವಾದಾಗ ತಳ ಗಂಟೆಗಳಲ್ಲೇ ಕುಸಿಯತೊಡಗುತ್ತದೆ, ಸೋಸಿದ ಗ್ರಾಫ್ನಲ್ಲಿ ಅದು ಮೂರು ದಿನಗಳ ಇಳಿಜಾರಾಗಿ ಕಾಣುತ್ತದೆ. ಶುರುವಾದ ಗಳಿಗೆ ಹಿಡಿಯಬೇಕಾದರೆ ಸೋಸದ ಎರಡು ತಾಣಗಳ ವ್ಯತ್ಯಾಸವನ್ನೇ ನೋಡಿ. 2015ರಲ್ಲಿ ಆಕ್ಸಿಯಲ್‌ನ ಕ್ಯಾಲ್ಡೆರಾ ತಳ ಒಟ್ಟು ಸುಮಾರು 2.4 ಮೀಟರ್ ಕುಸಿದಿತ್ತು.

ಹಿಂದಿನ ಸ್ಫೋಟದ ಮಟ್ಟ ತಲುಪಿದರೆ ಮುಂದಿನದು ಹತ್ತಿರ ಎಂಬ ಲೆಕ್ಕ ಇಲ್ಲಿ ಉಪಯುಕ್ತ. ವಿಜ್ಞಾನಿಗಳಾದ ಬಿಲ್ ಚಾಡ್‌ವಿಕ್ ಮತ್ತು ಸ್ಕಾಟ್ ನೂನರ್ ಇದೇ ಆಧಾರದಲ್ಲಿ 2015ರ ಸ್ಫೋಟವನ್ನು ಮೊದಲೇ ಅಂದಾಜಿಸಿದರು. ಆದರೆ ಆ ಮಟ್ಟ ಗೋಡೆಯಲ್ಲ. 2015ರ ಸ್ಫೋಟ 2011ರ ಸ್ಫೋಟದ ಮಟ್ಟವನ್ನು ದಾಟಿದ ಮೇಲೆ ಆಯಿತು, 2025ಕ್ಕೆ ಕೊಟ್ಟಿದ್ದ ಅಂದಾಜನ್ನು 2026ಕ್ಕೆ ಮುಂದೂಡಬೇಕಾಯಿತು. ದಿನಾಂಕ ಹೇಳುವ ಆಸೆ ಬಿಟ್ಟು, ಮಟ್ಟ ಮತ್ತು ವೇಗ ಎರಡನ್ನೂ ಬರೆದಿಡಿ.

## ಹಂತ 8: ಸುಳಿವುಗಳನ್ನು ಜೋಡಿಸುವುದು

ಒಂದೇ ಸುಳಿವಿನ ಮೇಲೆ ಸ್ಫೋಟ ಎಂದು ಬರೆಯಬೇಡಿ. ಬೇರೆ ಬೇರೆ ಉಪಕರಣಗಳ ಎರಡು ಸುಳಿವು ಸಮಯದಲ್ಲೂ ಜಾಗದಲ್ಲೂ ಹೊಂದಬೇಕು. ಸೆಂಟಿನೆಲ್ ಮತ್ತು ಲ್ಯಾಂಡ್‌ಸ್ಯಾಟ್ ಎರಡರಲ್ಲೂ ಕಲೆ ಕಂಡರೆ ಅದು ಒಂದೇ ಸುಳಿವು, ಎರಡಲ್ಲ. ಒಂದೇ ಪಾಚಿ ಇಬ್ಬರ ಕಣ್ಣಿಗೂ ಬೀಳುತ್ತದೆ.

ತಡಮಾಡದೆ ಗಮನ ಹರಿಸಬೇಕಾದ ಸಂಯೋಗಗಳು:

- ಕಂಪನ ಸಮೂಹದ ನಡುವೆ ತಳ ಉಬ್ಬುವುದು ನಿಂತು ಕುಸಿಯತೊಡಗುವುದು. ಶಿಲಾಪಾಕ ಹೊರಟಿದೆ.
- ಆಳ ಕಡಿಮೆ ಇರುವ ಕಡೆ ನೀರಿನ ಬಣ್ಣ ದಟ್ಟವಾಗಿ, ಜೊತೆಗೆ ಬಿ11ರಲ್ಲಿ ಹೊಸ ಹೊಳಪು. ಉಗಿ ಇಲ್ಲವೇ ತೇಲುಗಲ್ಲು ಮೇಲ್ಮೈ ಮುಟ್ಟಿದೆ.
- ನಿಂತು ನಿಂತು ಬರುತ್ತಿದ್ದ ಸಿಡಿತದ ಶಬ್ದ ಎಡೆಬಿಡದ ಮೊರೆತಕ್ಕೆ ತಿರುಗುವುದು.

## ದೋಣಿಯಲ್ಲಿ ಹೋಗಿ ನೋಡುವವರಿಗೆ

ಸಾಧ್ಯವಾದರೆ ಹೋಗಬೇಡಿ. 1952ರ ಸೆಪ್ಟೆಂಬರ್ 24ರಂದು ಜಪಾನಿನ ಮ್ಯೋಜಿನ್‌ಶೋ ಎಂಬ ಕಡಲಾಳದ ಜ್ವಾಲಾಮುಖಿಯ ಮೇಲಿದ್ದ ಸಮೀಕ್ಷಾ ಹಡಗು 5ನೇ ಕೈಯೋ ಮಾರು ಸ್ಫೋಟಕ್ಕೆ ಸಿಲುಕಿ ಅದರಲ್ಲಿದ್ದ 31 ಮಂದಿಯೂ ಸತ್ತರು. ಅವರು ಅನುಭವಿಗಳು, ಸರಿಯಾದ ಹಡಗಿನಲ್ಲಿದ್ದವರು.

ಕಿಕ್ ಎಮ್ ಜೆನ್ನಿಯ ಸುತ್ತ ಸಾಮಾನ್ಯ ದಿನಗಳಲ್ಲೂ 1.5 ಕಿ.ಮೀ. ಪ್ರವೇಶ ನಿಷೇಧವಿದೆ. ಎಚ್ಚರಿಕೆ ಕಿತ್ತಳೆ ಮಟ್ಟಕ್ಕೆ ಏರಿದರೆ ಅದು 5 ಕಿ.ಮೀ. ಆಗುತ್ತದೆ. ಇಂಥ ವಲಯ ಘೋಷಣೆಯಾಗದ ಕಡೆಯೂ 5 ಕಿ.ಮೀ. ಒಳಗೆ ಹೋಗಬೇಡಿ. ನೀರಲ್ಲಿ ಗುಳ್ಳೆಗಳು ದಟ್ಟವಾದರೆ ಅದರ ಸಾಂದ್ರತೆ ಇಳಿದು ದೋಣಿ ತೇಲುವ ಬಲ ಕಳೆದುಕೊಳ್ಳುತ್ತದೆ. ತೇಲುಗಲ್ಲಿನ ಹಾಸಿನೊಳಗೆ ನುಗ್ಗಿದರೆ ಎಂಜಿನ್ನಿನ ತಂಪುನೀರಿನ ಕೊಳವೆ ಕಟ್ಟಿಕೊಂಡು ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಗಂಧಕದ ವಾಸನೆ, ಬಣ್ಣಗೆಟ್ಟ ನೀರು, ಸತ್ತು ತೇಲುವ ಮೀನು, ದೋಣಿಯ ಮೈಗೆ ತಟ್ಟುವ ಮೊರೆತ, ಇವುಗಳಲ್ಲಿ ಯಾವುದೊಂದು ಕಂಡರೂ ಗಾಳಿ ಬರುವ ದಿಕ್ಕಿಗೆ ದೋಣಿ ತಿರುಗಿಸಿ ದೂರ ಹೊರಡಿ. ಫೋಟೊ ಆಮೇಲೆ.

## ದಾಖಲೆ ಮತ್ತು ವರದಿ

ಪ್ರತಿ ಸಾಲಿನಲ್ಲಿ ಯುಟಿಸಿ ಸಮಯ, ಉಪಕರಣ, ಕಂಡದ್ದು, ಮಾಡಿದ ಪರೀಕ್ಷೆ, ಉಳಿದ ಅನುಮಾನ, ಇಷ್ಟಿರಲಿ. ಮೋಡ ಕವಿದು ಏನೂ ಕಾಣದ ದಿನವನ್ನೂ ಬರೆಯಿರಿ. ನೋಡಿದೆ, ಕಾಣಲಿಲ್ಲ ಎಂಬುದಕ್ಕೂ ನೋಡಲೇ ಇಲ್ಲ ಎಂಬುದಕ್ಕೂ ದಾಖಲೆಯಲ್ಲಿ ವ್ಯತ್ಯಾಸ ಇರಲೇಬೇಕು.

ಎರಡು ಸ್ವತಂತ್ರ ಸುಳಿವು ಸಿಕ್ಕಿದ ಮೇಲೆ ಆ ಪ್ರದೇಶದ ಜ್ವಾಲಾಮುಖಿ ವೀಕ್ಷಣಾಲಯಕ್ಕೆ ಕಳಿಸಿ. ಪೂರ್ವ ಕೆರಿಬಿಯನ್‌ನ ಇಂಗ್ಲಿಷ್ ಮಾತಾಡುವ ದ್ವೀಪಗಳಿಗೆ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭೂಕಂಪ ಸಂಶೋಧನಾ ಕೇಂದ್ರ ಆ ಕೆಲಸ ಮಾಡುತ್ತದೆ. ವೀಕ್ಷಣಾಲಯವೇ ಇಲ್ಲದ ಕಡೆಯಾದರೆ ಸ್ಮಿತ್ಸೋನಿಯನ್‌ನ ಜಾಗತಿಕ ಜ್ವಾಲಾಮುಖಿ ಕಾರ್ಯಕ್ರಮಕ್ಕೆ. ಕತ್ತರಿಸಿದ ಚಿತ್ರ ಕಳಿಸಿದರೆ ಅವರಿಗೆ ಪ್ರಯೋಜನವಿಲ್ಲ. ಉಪಗ್ರಹದ ಹೆಸರು, ಚಿತ್ರದ ದಿನಾಂಕ ಮತ್ತು ಸಮಯ, ಬಳಸಿದ ಪಟ್ಟಿಗಳು, ಕಲೆಯ ತಲೆಯ ನಿರ್ದೇಶಾಂಕ, ಅದೇ ಜಾಗದ ಶಾಂತ ದಿನದ ಒಂದು ಚಿತ್ರ, ಇಷ್ಟನ್ನು ಒಟ್ಟಿಗೆ ಕಳಿಸಿ.